ಆಯುಧಪೂಜೆಯ ಐದು ನಿಮಿಷ

ನಮ್ಮ ಯಜಮಾನರಿಗೆ ಲಷ್ಕರ್ ಮೊಹಲ್ಲಾದ ಅಂಗಡಿಯಲ್ಲಿ ಹೊಸ ಬೂಟು ತಂದಿದ್ದೆವು. ಮನೆಗೆ ಬಂದು ಡಬ್ಬ ಬಿಚ್ಚಿದಾಗ ಒಂದು ಪುಟ್ಟ ಪೊಟ್ಟಣ ಕೆಳಗೆ ಬಿತ್ತು. ತೇವ ಹೀರಲೆಂದು ಹಾಕಿರುತ್ತಾರಲ್ಲ, ಸಾಬಕ್ಕಿಯಂಥ ಹರಳು, ಅದು. ಸಾಮಾನ್ಯವಾಗಿ ಬಿಳಿ ಇರುತ್ತದೆ, ಇದು ನೀಲಿ. ಅವರು ಎತ್ತಿ ಕಸದ ಬುಟ್ಟಿಗೆ ಹಾಕಲು ಹೋದರು. ನಾನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಅರ್ಧ ನೀಲಿ, ಅರ್ಧ ಆಗಲೇ ಗುಲಾಬಿ. ತೇವ ಕುಡಿದಿದೆ... ಒಣಗಿಸಬೇಕು, ಬರೆದಿಡಬೇಕು ಅಂತ ಮನಸ್ಸು ತಾನಾಗಿ ಅಂದುಕೊಂಡಿತು. ಅಷ್ಟರಲ್ಲಿ ಇಂಜಿನಿಯರ್ ಸಾರ್ ಬಂದು ಎದುರಿಗೆ ನಿಂತಂತಾಯಿತು.

ಊರಾಚೆ, ನಂಜನಗೂಡು ರಸ್ತೆಯ ಕಡೆ, ಪುಟ್ಟ ವಿಮಾನಗಳನ್ನು ನಿಲ್ಲಿಸುವ ಒಂದು ಹ್ಯಾಂಗರಿನಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೆ. ಸಾಮಾನಿನ ಲೆಕ್ಕ, ಬೀಗದ ಕೈ, ರಿಜಿಸ್ಟರ್, ಇಷ್ಟೇ ನನ್ನ ಕೆಲಸ. ರಿಪೇರಿಯೆಲ್ಲ ಇಂಜಿನಿಯರ್ ಸಾರ್‌ದು. ಐವತ್ತು ದಾಟಿದವರು, ವಿದ್ಯಾರಣ್ಯಪುರಂನಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಬಂದವರೇ ಕೈಗಡಿಯಾರ ಬಿಚ್ಚಿ ನನ್ನ ಮೇಜಿನ ಮೇಲಿಟ್ಟು, ತೋಳು ಮಡಚಿ, ಒಂದು ಲೋಟ ನೀರು ಕುಡಿದು, ಆಮೇಲೆ ವಿಮಾನದ ಹತ್ತಿರ ಹೋಗುವುದು. ಬಂದ ಹೊಸದರಲ್ಲಿ ನನಗೆ ವಿಮಾನದ ಮುಂದುಗಡೆ ಯಾವುದು, ಬಾಲ ಯಾವುದು ಅನ್ನುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಗೊತ್ತಾದದ್ದೆಲ್ಲ ಅವರಿಂದ.

ಅಲ್ಲಿದ್ದ ವಿಮಾನಗಳಲ್ಲಿ ನಾಲ್ಕು ಸೀಟಿನದೊಂದು ಮೇಟಗಳ್ಳಿಯಲ್ಲಿ ಕಾರ್ಖಾನೆ ಇಟ್ಟುಕೊಂಡಿದ್ದವರದು, ಹ್ಯಾಂಗರೂ ಅವರದೇ. ಮೊದಮೊದಲು ಭಾನುವಾರಗಳಲ್ಲಿ ಹಾರಿಸುತ್ತಿದ್ದರಂತೆ. ಹೃದಯದ ಆಪರೇಷನ್ ಆದಮೇಲೆ ಅವರಿಗೆ ಹಾರಿಸುವ ಅನುಮತಿ ಸಿಗಲಿಲ್ಲ, ವಿಮಾನ ನಿಂತೇ ಹೋಯಿತು. ಮಾರುವ ಮನಸ್ಸೂ ಇರಲಿಲ್ಲ. ಅದನ್ನು ಕೆಡದ ಹಾಗೆ ನೋಡಿಕೊಳ್ಳುವುದು ನಮ್ಮ ಪಾಲಿಗೆ ಬಂತು.

"ಇಂಜಿನ್ನು ಹಾಳಾಗೋದು ಓಡಿ ಓಡಿ ಅಲ್ಲ ಕಣಮ್ಮ, ಕೂತು ಕೂತು," ಅಂದಿದ್ದರು ಸಾರ್. ನಾನು ನನ್ನ ಬುದ್ಧಿಗೆ ತೋಚಿದಂತೆ, ಮನೆ ಮುಂದಿನ ಕಾರಿನ ಥರ ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಆಗುವುದಿಲ್ಲವೇ ಎಂದು ಕೇಳಿದೆ. ಅವರಿಗೆ ನಗು ಬಂತು.

"ಅದೇ ವಿಷ! ನಿಮ್ಮನೇಲಿ ಇಡ್ಲಿ ಪಾತ್ರೆ ಒಲೆ ಮೇಲಿಟ್ಟು ಅರ್ಧಕ್ಕೇ ಆರಿಸ್ಬುಟ್ರೆ ಮುಚ್ಚಳದ ಒಳಗೆ ಏನಿರತ್ತೆ? ನೀರು ತಾನೆ? ಇದೂ ಅಷ್ಟೇ. ಪೆಟ್ರೋಲು ಉರಿದ್ರೆ ನೀರು ಹುಟ್ಟತ್ತೆ. ಮೇಲೆ ಒಂದ್ ಗಂಟೆ ಹಾರಿದ್ರೆ ಎಣ್ಣೆ ಚೆನ್ನಾಗಿ ಕಾದು ಆ ನೀರು ಆವಿಯಾಗಿ ಹೋಗತ್ತೆ. ನೆಲದ ಮೇಲೆ ಐದ್ ನಿಮಿಷ ಓಡ್ಸಿ ನಿಲ್ಲಿಸಿದ್ರೆ ಒಳಗೇ ಕೂತು ತುಕ್ಕು ಹಿಡಿಸತ್ತೆ."

ಅದಕ್ಕೇ ಅವರು ಆ ಇಂಜಿನ್ನನ್ನು ಉಪ್ಪಿನಕಾಯಿ ಭರಣಿಯಷ್ಟು ಜೋಪಾನವಾಗಿ ಮುಚ್ಚಿಟ್ಟರು. ಹಳೆಯ ಎಣ್ಣೆ ಬಸಿದು, ತುಕ್ಕು ತಡೆಯುವ ಬೇರೆ ಎಣ್ಣೆ ತುಂಬಿಸಿ, ಪೈಲಟ್ ಒಬ್ಬರನ್ನು ಕರೆಸಿ ಕೊನೆಯದಾಗಿ ಒಂದು ಸುತ್ತು ಹಾರಿಸಿದರು. ಇಳಿದ ಮೇಲೆ ನಾಲ್ಕು ಸಿಲಿಂಡರಿನೊಳಗೂ ಎಣ್ಣೆ ಸಿಂಪಡಿಸಿದರು. ಮೇಲಿನ ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ಆ ಜಾಗಕ್ಕೆ ನೀಲಿ ಹರಳು ತುಂಬಿದ ಪಾರದರ್ಶಕ ಕೊಳವೆಗಳನ್ನು ತಿರುಪಿದರು. ಗಾಳಿ ಹೋಗುವ, ಹೊಗೆ ಬರುವ ಬಾಯಿಗಳನ್ನೆಲ್ಲ ಕಟ್ಟಿದರು. ಮುಂದಿನ ಫ್ಯಾನಿಗೆ ಕೆಂಪು ಪಟ್ಟಿ: 'ತಿರುಗಿಸಬೇಡಿ'. ಬಂದವರೆಲ್ಲ ಆಟಕ್ಕೆ ಅದನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ತಿರುಗಿಸಿದರೆ ಒಳಗೆ ಅಂಟಿಕೊಂಡಿರುವ ಎಣ್ಣೆಯ ಪದರ ಒರೆಸಿಹೋಗುತ್ತದೆಯಂತೆ.

ಪ್ರತಿ ಸೋಮವಾರ ನಾಲ್ಕು ಕೊಳವೆಗಳ ಬಣ್ಣ ನೋಡಿ ಬರೆಯುವುದು ನನ್ನ ಕೆಲಸವಾಯಿತು. ನೀಲಿ ಇದ್ದರೆ ಒಳಗೆ ಒಣಗಿದೆ. ಗುಲಾಬಿಯಾದರೆ ತೇವ ಸೇರಿದೆ, ಸಾರ್‌ಗೆ ಹೇಳಬೇಕು. ಮನೆಯಿಂದ ನಾನೊಂದು ಹಳೆಯ ಬಾಣಲೆ ಕೊಟ್ಟಿದ್ದೆ. ಅದರಲ್ಲಿ ಹರಳುಗಳನ್ನು ಸಣ್ಣ ಉರಿಯಲ್ಲಿ ರವೆಯ ಹಾಗೆ ಹುರಿದರೆ ಮತ್ತೆ ನೀಲಿಗೆ ತಿರುಗುತ್ತಿದ್ದವು. ನೋಡಲು ನನಗೆ ಎಷ್ಟು ಸಲವೂ ಬೇಸರವಾಗುತ್ತಿರಲಿಲ್ಲ. "ಬರೀದೇ ಇದ್ದಿದ್ದು ಆಗೇ ಇಲ್ಲ ಅಂತ ಲೆಕ್ಕ. ಅದಕ್ಕೇ ಎಲ್ಲಾ ಬರೀಬೇಕು," ಅನ್ನುತ್ತಿದ್ದರು. ನಾನು ಒಂದು ವಾರವೂ ತಪ್ಪಿಸಲಿಲ್ಲ. ನನ್ನ ಅಕ್ಷರ ಕಂಡರೆ ಅವರು ಮರುಪ್ರಶ್ನೆ ಕೇಳದೆ ಸಹಿ ಹಾಕುತ್ತಿದ್ದರು. ಡಿಗ್ರಿ ಮುಗಿಸಲಾಗದ ನನಗೆ ಅದೇ ಒಂದು ಡಿಗ್ರಿ...

ಎರಡನೆಯ ವರ್ಷದ ಆಯುಧಪೂಜೆ. ಹ್ಯಾಂಗರ್ ತೊಳೆಸಿ, ಸ್ಪ್ಯಾನರುಗಳಿಗೆಲ್ಲ ಕುಂಕುಮ ಇಟ್ಟು, ವಿಮಾನಕ್ಕೆ ಚೆಂಡುಹೂವಿನ ಹಾರ ಹಾಕಿದ್ದೆವು. ಮಾಲೀಕರು ಸಂಸಾರ ಸಮೇತ ಬಂದರು. ಕುಂಬಳಕಾಯಿ ಒಡೆದಾಯಿತು. ಮಂಗಳಾರತಿಯೂ ಆಯಿತು. ಆಗ ಅವರ ತಾಯಿ, ಎಂಬತ್ತರ ಅಜ್ಜಿ, ವಿಮಾನವನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲ ಕಣೋ ಮಗ, ಉಸಿರೇ ಬುಡದ ಬಂಡಿಗೆ ಅದೆಂತಾ ಪೂಜೆ ಮಾಡ್ಸೀಯಾ? ನಮ್ಮ ಪಂಪ್‌ಸೆಟ್ಟೂ ಇವತ್ತು ಒಂದ್ಸಲ ಗುರ್ ಅಂತದೆ," ಅಂದರು. ಎಲ್ಲರೂ ನಕ್ಕರು. ಮಾಲೀಕರು ನಗಲಿಲ್ಲ. ಸಾರ್ ಕಡೆ ತಿರುಗಿ, "ಅವ್ವ ಆಸೆ ಪಡ್ತಾವ್ರೆ. ಒಂದ್ ಐದ್ ನಿಮಿಷ ಸ್ಟಾರ್ಟ್ ಮಾಡ್ಬುಡಿ," ಅಂದರು.

ಸಾರ್ ಆಗುವುದಿಲ್ಲ ಅನ್ನುತ್ತಾರೆ ಅಂತಲೇ ನಾನು ಕಾದೆ. ಇಡ್ಲಿ ಪಾತ್ರೆಯ ಮಾತು ಅಜ್ಜಿಗೂ ಹೇಳುತ್ತಾರೆ, ಅಜ್ಜಿಗೆ ಖಂಡಿತ ಅರ್ಥವಾಗುತ್ತದೆ ಅಂದುಕೊಂಡೆ. ಅವರು ಸುಮ್ಮನೆ ಹಾರ ತೆಗೆದರು, ಕೆಂಪು ಪಟ್ಟಿ ಬಿಚ್ಚಿದರು. ನಾನು ಹತ್ತಿರ ಹೋಗಿ "ಸಾರ್..." ಅಂದದ್ದಕ್ಕೆ ಮೆಲ್ಲಗೆ, "ಒಂದಿನಕ್ಕೆ ಏನಾಗಲ್ಲ ಬುಡಮ್ಮ. ದೊಡ್ಡವರು ಕೇಳ್ತಿದಾರೆ," ಅಂದರು. ಕೊಳವೆ ತೆಗೆದು ಪ್ಲಗ್ಗು ಹಾಕಿ, ಕಟ್ಟಿದ್ದ ಬಾಯಿಗಳನ್ನು ಬಿಚ್ಚಿ, ವಿಮಾನವನ್ನು ಹೊರಗೆ ತಳ್ಳಿಸಿ ಸ್ಟಾರ್ಟ್ ಮಾಡಿದರು. ಬಿಳಿ ಹೊಗೆ ಬಂತು. ಅಜ್ಜಿ ಎರಡೂ ಕೈಯೆತ್ತಿ ಮುಗಿದರು. ಐದು ನಿಮಿಷ... ಅಷ್ಟೇ.

ಎಲ್ಲರೂ ಹೋದಮೇಲೆ ನಾನು ರಿಜಿಸ್ಟರ್ ತೆಗೆದೆ. ಸಾರ್ ನನ್ನ ಪೆನ್ನಿನ ಮೇಲೆ ಕೈಯಿಟ್ಟರು. "ಇದನ್ನ ಬರೀಬೇಡ. ಶಾಸ್ತ್ರಕ್ಕೆ ಮಾಡಿದ್ದು. ಎಣ್ಣೆ ತರಿಸಿ ಮೊದಲಿನ ಥರ ಮಾಡ್ಬುಡ್ತೀನಿ, ಯಾರಿಗೆ ಗೊತ್ತಾಗತ್ತೆ?" ನನಗೆ ಗೊತ್ತಾಗಿತ್ತಲ್ಲ, ಆದರೂ ಪೆನ್ನು ಮುಚ್ಚಿದೆ. ಹೇಳಿದ್ದು ಅವರು, ಬೇರೆ ಯಾರೋ ಅಲ್ಲ ಅನ್ನುವುದೇ ನನಗೆ ಸಾಕಾಗಿತ್ತು.

ಕೊಳವೆಗಳನ್ನು ಮತ್ತೆ ತಿರುಪಿ ಬಾಯಿಗಳನ್ನು ಕಟ್ಟಿದರು, ಎಣ್ಣೆ ಮಾತ್ರ ಬರಲಿಲ್ಲ. ಕೇಳಿದಾಗಲೆಲ್ಲ ಮುಂದಿನ ವಾರ ಅನ್ನುತ್ತಿದ್ದರು. ಮೊದಲು ತಿಂಗಳುಗಟ್ಟಲೆ ನೀಲಿಯಾಗೇ ಇರುತ್ತಿದ್ದ ಹರಳು ಈಗ ಮೂರೇ ದಿನಕ್ಕೆ ಗುಲಾಬಿಯಾಗುತ್ತಿತ್ತು. ಹೋಗಿ ಹೇಳಿದರೆ, "ಹುರಿದು ಹಾಕೋಣ. ಆಮೇಲೆ ನೋಡಿ ಬರಿ," ಅನ್ನುತ್ತಿದ್ದರು. ಹುರಿದು ಹಾಕಿದ ಮೇಲೆ ನೀಲಿ ಇರುತ್ತಿತ್ತು. ನೀಲಿ ಅಂತ ಬರೆಯುತ್ತಿದ್ದೆ. ಹಾಗೆ ಒಂದು ಚಳಿಗಾಲ, ಒಂದು ಮಳೆಗಾಲ ಕಳೆಯಿತು. ರಿಜಿಸ್ಟರಿನ ಪುಟಪುಟದಲ್ಲೂ ನನ್ನ ಕೈಬರಹದಲ್ಲಿ ನೀಲಿ, ನೀಲಿ, ನೀಲಿ...

ಕಡೆಗೆ ಮಾಲೀಕರು ಮಾರಲು ಒಪ್ಪಿದರು. ಕೊಳ್ಳುವವರ ಕಡೆಯ ಇಂಜಿನಿಯರ್ ಒಂದು ಸಿಲಿಂಡರ್ ಕಳಚಿ ಟಾರ್ಚು ಬಿಟ್ಟು ನೋಡಿದರು. ಒಳಗೆ ಮೇಲ್ಗಡೆ ಕ್ಯಾಮ್ ಷಾಫ್ಟ್ ಅನ್ನುವ ಕಂಬಿ ಇರುತ್ತದೆ, ನಿಂತ ಇಂಜಿನ್ನಿನಲ್ಲಿ ಎಣ್ಣೆ ಮೊದಲು ಜಾರಿಹೋಗುವುದು ಅದರ ಮೇಲಿಂದಲೇ. ಅದರ ಉಬ್ಬುಗಳ ತುಂಬ ಸಿಡುಬಿನ ಕಲೆಯ ಹಾಗೆ ತುಕ್ಕಿನ ಗುಳಿ. ಇಂಜಿನ್ ಪೂರ್ತಿ ಬಿಚ್ಚಬೇಕೆಂದರು, ವ್ಯಾಪಾರ ಮುರಿಯಿತು. ಮಾಲೀಕರು ರಿಜಿಸ್ಟರ್ ತರಿಸಿ ಮೇಜಿನ ಮೇಲೆ ಬಡಿದು, ಎರಡು ವರ್ಷ ನೀಲಿ ಇದ್ದದ್ದಕ್ಕೆ ಈ ಗತಿ ಹೇಗೆ ಬಂತು ಎಂದು ಕೇಳಿದರು.

ನಾನು ಸಾರ್ ಮುಖ ನೋಡಿದೆ. ಅವರು ಬನಿಯನ್ ಬಟ್ಟೆಯಲ್ಲಿ ಬೆರಳು ಒಂದೊಂದಾಗಿ ಒರೆಸುತ್ತಿದ್ದರು. "ಬಣ್ಣ ನೋಡೋ ಕೆಲಸ ಈಯಮ್ಮಂದು. ಗುಲಾಬಿ ಆಗಿದ್ದು ನನಗೆ ಒಂದಿನಾನೂ ಹೇಳ್ಲಿಲ್ಲ. ಸುಮ್ನೆ ಬರೆದಿದಾರೆ ಅನ್ಸತ್ತೆ," ಅಂದರು.

ಐದು ನಿಮಿಷದ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಮಾಲೀಕರೇ ಎದುರಿಗಿದ್ದರು, ಸ್ಟಾರ್ಟ್ ಮಾಡಿ ಅಂದವರೂ ಅವರೇ. ಹೇಳಿದೆ ಕೂಡ. "ಎಲ್ಲಿ ಬರೆದಿದೀಯಮ್ಮ, ತೋರ್ಸು," ಅಂದರು ಮಾಲೀಕರು. ತೋರಿಸಲು ಏನೂ ಇರಲಿಲ್ಲ. ನಾಳೆಯಿಂದ ಬರಬೇಡ ಅಂದರು. ಬೀಗದ ಕೈ ಗೊಂಚಲು ಮೇಜಿನ ಮೇಲಿಟ್ಟೆ. ಸಾರ್ ಆಗಲೇ ಬೆನ್ನು ತಿರುಗಿಸಿ ಇಂಜಿನ್ನಿನ ಮೇಲೆ ಬಗ್ಗಿದ್ದರು. ಬಸ್ಸಿನಲ್ಲಿ ಬರುತ್ತಾ ಅವರ ಮೇಲೆ ಸಿಟ್ಟು ಬರಲಿ ಅಂತ ಎಷ್ಟು ಪ್ರಯತ್ನಪಟ್ಟರೂ ಅವರು ಕಲಿಸಿದ್ದೇ ನೆನಪಾಗುತ್ತಿತ್ತು. ನನಗೆ ಅಳು ತರಿಸಿದ್ದು ಕೆಲಸ ಹೋದದ್ದಲ್ಲ, ಅದು.

ಬೂಟು ತಂದ ಮುಂದಿನ ವಾರ ವಿದ್ಯಾರಣ್ಯಪುರಂನಲ್ಲಿ ನೆಂಟರ ಗೃಹಪ್ರವೇಶವಿತ್ತು. ಊಟದ ಪಂಕ್ತಿಯಲ್ಲಿ ಎದುರು ಸಾಲಿನಲ್ಲಿ ಸಾರ್ ಕೂತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದು ಮುಖ ಅರಳಿಸಿದರು. ಪಕ್ಕದವರಿಗೆ, "ಈಯಮ್ಮ ನಮ್ಮ ಹ್ಯಾಂಗರಲ್ಲಿದ್ರು ಕಣ್ರೀ. ಏನು ಶಿಸ್ತು ಅಂತೀರಿ! ಒಂದನ್ನೂ ಬರೆಯದೆ ಬಿಟ್ಟೋರಲ್ಲ," ಅಂದರು.

ಇಷ್ಟು ವರ್ಷ ನಾನು ಅಂದುಕೊಂಡದ್ದು ಬೇರೆ. ಅವರಿಗೂ ರಾತ್ರಿ ನಿದ್ದೆ ಕೆಟ್ಟಿರಬಹುದು, ಸಿಕ್ಕಿದರೆ ತಲೆ ತಗ್ಗಿಸಬಹುದು ಅಂತ. ತಗ್ಗಿಸಿದ್ದರೆ ನಾನು ಅಲ್ಲೇ ಮರೆತುಬಿಡುತ್ತಿದ್ದೆನೇನೋ.

"ಒಂದು ಬಿಟ್ಟಿದ್ದೆ ಸಾರ್," ಅಂದೆ. "ನೀವು ಹೇಳಿದ್ರಿ ಅಂತ."

ಎಲೆಯ ಮೇಲೆ ಅವರ ಕೈ ನಿಂತಿತು. ನನ್ನನ್ನೇ ನೋಡಿದರು. ನೆನಪಿದೆ, ಎಲ್ಲವೂ ನೆನಪಿದೆ ಅನ್ನುವುದು ಕಣ್ಣಿನಲ್ಲಿ ಚೆನ್ನಾಗಿ ಕಂಡಿತು. ಆಮೇಲೆ ಬಡಿಸುವವನನ್ನು ಕರೆದು, "ನೋಡಪ್ಪ, ಅಮ್ಮನ ಎಲೇಗೆ ಇನ್ನೊಂಚೂರು ಪಾಯಸ ಬಡಿಸು," ಅಂದರು.

ಅವನು ಬಡಿಸಿದ. ನಾನು ತಿಂದೆ. ಕೈ ತೊಳೆದು ಬರುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಇಂಜಿನಿಯರ್ ಸಾರ್ ಇನ್ನೂ ಇದ್ದಾರೆ, ನಮ್ಮದೇ ಊರಿನಲ್ಲಿ, ಎರಡು ಬಸ್ಸು ಬದಲಾಯಿಸಿದರೆ ತಲುಪಬಹುದಾದ ಬೀದಿಯಲ್ಲಿ. ನನಗೆ ಕಲಿಸಿದ ಆ ಸಾರ್ ಮಾತ್ರ ಈಗ ಇಲ್ಲ.