ಮುನಿಲಕ್ಷ್ಮಮ್ಮ ಇಳಿಯದ ಸ್ಟಾಪು

ನಮ್ಮ ಬೀದಿಯ ಮುನಿಲಕ್ಷ್ಮಮ್ಮನಿಗೆ ಬಾಯಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ಇಡೀ ವಿಜಯನಗರ ಬಡಾವಣೆಯೇ ನಕ್ಕೀತು. ಅವಳು ಮಾರುವ ಹಾಲು ತೆಳ್ಳಗಿದೆ ಎಂದ ಮೇಷ್ಟರೊಬ್ಬರ ಬೆವರಿಳಿಸಿದ್ದನ್ನು ನಾನೇ ಕಂಡಿದ್ದೇನೆ. ಅಂಥ ಹೆಂಗಸು ಎಪ್ಪತ್ತನಾಲ್ಕನೇ ಇಸವಿಯಲ್ಲಿ ಬಸ್ಸಿನೊಳಗೆ ಮೂಕಿಯಾದಳು. ಕಾರಣ, ಗಂಡ.

ಗಂಡ ಮುನಿವೆಂಕಟಪ್ಪನ ಹೊಲವೆಲ್ಲ ಬಡಾವಣೆಗೆ ಹೋಗಿ ಸೆಕೆಂಡ್ ಮೇನು, ಥರ್ಡ್ ಕ್ರಾಸು ಎಂದಾಗಿತ್ತು. ಉಳಿದ ಒಂದು ಮೂಲೆಯನ್ನು ಬಸ್ ತಂಗುದಾಣಕ್ಕೆ ಬಿಟ್ಟುಕೊಟ್ಟು, "ನನ್ ಹೆಸರಿಡಿ, ಬೇರೇನೂ ಬ್ಯಾಡ" ಎಂದ. ಎರಡು ವರ್ಷ ಅಲೆದ ಮೇಲೆ ಬೋರ್ಡು ಬಂತು: ಮುನಿವೆಂಕಟಪ್ಪ ಸ್ಟಾಪ್. ಅಂದಿನಿಂದ ಮನುಷ್ಯ ಮೀಸೆ ತಿರುವಿಕೊಂಡು ಅದರ ಕೆಳಗೇ ಕೂತಿರುತ್ತಿದ್ದ. ಬಸ್ಸು ಹತ್ತುತ್ತಿರಲಿಲ್ಲ, ಕಂಡಕ್ಟರು ತನ್ನ ಹೆಸರು ಕೂಗುವುದನ್ನು ಕೇಳಿಕೊಂಡು ಊಟಕ್ಕೆ ಹೋಗುತ್ತಿದ್ದ.

ಆದರೆ ಗಂಡನ ಹೆಸರನ್ನು ಹೆಂಡತಿ ಹೇಳುವ ಹಾಗಿಲ್ಲವಲ್ಲ! ಹಸುವಿಗೆ ಹಿಂಡಿ ತರಲು ಮಾರ್ಕೆಟ್ಟಿಗೆ ಹೋದ ಮುನಿಲಕ್ಷ್ಮಮ್ಮ ವಾಪಸು ಬರುವಾಗ ಸಿಕ್ಕಿಬಿದ್ದಳು. ನಾನೂ ಅದೇ ಬಸ್ಸಿನಲ್ಲಿದ್ದೆ.

"ಎಲ್ಲಿಗಮ್ಮಾ?" ಎಂದ ಕಂಡಕ್ಟರು.

"ಸೌದೆ ಡಿಪೋ ಆದ್ಮೇಲೆ ಬರುತ್ತಲ್ಲ, ಅದಕ್ಕೆ."

"ಆದ್ಮೇಲೆ ಹತ್ತು ಬರ್ತವೆ. ಹೆಸರು ಹೇಳಮ್ಮ."

"ನಮ್ಮೋರದ್ದು ಕಣಪ್ಪ."

"ನಿಮ್ಮೋರು ಯಾರೋ ನಂಗೇನ್ ಗೊತ್ತು?"

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ? ಆಮೇಲೆ, ಸ್ಟಾಪಿನ ಹೆಸರು ನಾನು ಹೇಳ್ತೀನಿ ಬಿಡಿ ಎಂದರೆ, "ದಿನಾ ನೀನ್ ಬರ್ತೀಯಾ?" ಎಂದು ನನ್ನ ಮೇಲೇ ಹರಿಹಾಯ್ದಳು. ಮರುವಾರದಿಂದ ಸೌದೆ ಡಿಪೋಗೇ ಟಿಕೆಟ್ ತೆಗೆದುಕೊಂಡು, ಹಿಂಡಿ ಚೀಲ ತಲೆಯ ಮೇಲಿಟ್ಟು, ಅರ್ಧ ಮೈಲಿ ನಡೆಯತೊಡಗಿದಳು.

ಏಪ್ರಿಲ್ ಬಿಸಿಲು. ಒಂದು ಮಧ್ಯಾಹ್ನ ದಾರಿಯಲ್ಲೇ ತಲೆ ಸುತ್ತಿ ಬಿದ್ದಳು. ಡಿಪೋದ ಶಂಭುಲಿಂಗಪ್ಪ ತನ್ನ ಸೌದೆ ಗಾಡಿಯಲ್ಲಿ ಮನೆಗೆ ಕರೆತಂದ. "ಸ್ಟಾಪು ಮನೆ ಮುಂದೇ ಇರೋವಾಗ ಅಲ್ಯಾಕೆ ಇಳಿದೆ?" ಎಂದು ಗಂಡ ಕೇಳಿದರೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ನೀರು ಕೇಳಿದಳು. ಗಾಡಿ ಕಂಡು ಓಡಿಬಂದಿದ್ದ ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಮುನಿವೆಂಕಟಪ್ಪನಿಗೆ ಮೊದಲು ನಗು ಬಂತು. ಹೆಂಡತಿಯ ಅಂಗಾಲಿನ ಬೊಬ್ಬೆ ನೋಡಿದ ಮೇಲೆ ನಗು ನಿಂತಿತು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಸುಣ್ಣದ ಡಬ್ಬ ಹಿಡಿದು ಬೋರ್ಡಿನ ಮುಂದೆ ನಿಂತಿದ್ದಾನೆ! ಮೊದಲೆರಡು ಅಕ್ಷರ ಆಗಲೇ ಬೆಳ್ಳಗಾಗಿದ್ದವು. ಅಷ್ಟರಲ್ಲಿ ಮುನಿಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಓಡಿಬಂದು ಅವನ ಕೈಯಲ್ಲಿದ್ದ ಬ್ರಷ್ಷು ಕಿತ್ತುಕೊಂಡಳು.

"ಅಳಿಸಿ ಅಂತ ಯಾರ್ ಹೇಳಿದ್ರು ನಿಮ್ಗೆ?"

"ನಿಂಗೆ ಕಷ್ಟ ಆಗುತ್ತಲ್ಲೇ..."

"ಆಗ್ಲಿ. ನಾನಂತೂ ಹೇಳೋ ಹಾಗಿಲ್ಲ. ಊರೋರಾದ್ರೂ ದಿನಕ್ಕೆ ಹತ್ತು ಸಲ ಹೇಳ್ಲಿ ಬಿಡಿ. ಕೇಳ್ಬೇಕು ಅಂತ ನಂಗೂ ಆಸೆ ಇರಲ್ವಾ?"