ಹಿತ್ತಲಿನ ಬ್ಯಾಂಕ್ಸಿಯಾಕ್ಕೆ ಕುರಿಗೊಬ್ಬರ

ಮಿಡಿಗೇಶಿ ಹತ್ತಿರದ ನಮ್ಮೂರಲ್ಲಿ ಬ್ಯಾಂಕ್ಸಿಯಾ ಬೆಳೆಸಿದವಳು ನಾನೊಬ್ಬಳೇ. ಆಸ್ಟ್ರೇಲಿಯಾದ ಗಿಡ. ಅದರ ಕಾಡನ್ನು ನಾನು ಕಂಡದ್ದು ಮೊಬೈಲಿನಲ್ಲಷ್ಟೇ: ಬರೀ ಮರಳು, ಅದರ ಮೇಲೆ ಮೆಕ್ಕೆಜೋಳದ ತೆನೆಯಂಥ ಹಳದಿ ಹೂಗಳು. ಕಾಡಿಗೆ ಬೆಂಕಿ ಬಿದ್ದರೇ ಅದರ ಕಾಯಿ ಬಾಯಿ ಬಿಡುವುದಂತೆ. ಗೆಳತಿ ತಂದುಕೊಟ್ಟ ಒಂದು ಕಾಯನ್ನು ಅವ್ವನ ಒಲೆಯ ಕೆಂಡದಲ್ಲಿ ಸುಟ್ಟು, ಬೀಜ ತೆಗೆದು, ಹಿತ್ತಲಿನ ಗರಸು ಮಣ್ಣಿಗೆ ಹಾಕಿದ್ದೆ. ಒಂದೇ ಒಂದು ಹುಟ್ಟಿತು. "ಮುಡಿಯಾಕೂ ಇಲ್ಲ, ಸಾರಿಗೂ ಇಲ್ಲ, ಯಾತಕ್ಕಮ್ಮ ಇದು?" ಎಂದು ಅವ್ವ ನಗುತ್ತಿದ್ದಳು. ಮದುವೆಯಾಗಿ ಪಾವಗಡದಲ್ಲಿ ಟೀಚರ್ ಆದ ಮೇಲೂ ತವರಿಗೆ ಬಂದಾಗ ಮೊದಲು ನೋಡುತ್ತಿದ್ದುದು ಅದನ್ನೇ.

ಗಿಡದ ಆರನೇ ವರ್ಷ ನಾನು ಹೆರಿಗೆಗೆ ಬಂದಾಗ ಅದರ ತುದಿಯಲ್ಲಿ ಮೊದಲ ಮೊಗ್ಗು, ಹೆಬ್ಬೆರಳಿನಷ್ಟು, ಎದ್ದು ನಿಂತಿತ್ತು.

ಮಗಳು ಹುಟ್ಟಿದಳು. ನನ್ನನ್ನು ಕೋಣೆಗೆ ಹಾಕಿದರು. ಕಿವಿಗೆ ಹತ್ತಿ, ತಲೆಗೆ ಮಫ್ಲರ್, ಮಂಚದ ಕೆಳಗೆ ಬಾಂಡಲಿಯಲ್ಲಿ ಕೆಂಡ. ಮೂರು ಹೊತ್ತೂ ಮೆಣಸಿನ ಸಾರು, ಕುಡಿಯಲು ಅರ್ಧ ಲೋಟ ಬಿಸಿನೀರು. ಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ತೆಪ್ಪಗೆ ಬೆವರುತ್ತಾ ಮಲಗಿದೆ. ಕಿಟಕಿಯನ್ನು ಬೆರಳಷ್ಟು ಸರಿಸಿ ಆ ಮೊಗ್ಗು ನೋಡುವುದೊಂದೇ ನನಗೆ ಉಳಿದಿದ್ದು. ಅದು ಅರಳುವುದನ್ನು ನೋಡದಿದ್ದರೆ ಹುಚ್ಚು ಹಿಡಿಯುತ್ತದೆ ಅನಿಸುತ್ತಿತ್ತು.

ಒಂದು ಬೆಳಿಗ್ಗೆ ನೋಡುತ್ತೇನೆ, ಅವ್ವ ಅದರ ಬುಡಕ್ಕೆ ಮಂಕರಿ ತುಂಬ ಕುರಿಗೊಬ್ಬರ ಸುರಿಯುತ್ತಿದ್ದಾಳೆ.

"ಅವ್ವಾ, ಬ್ಯಾಡ! ಅದಕ್ಕೆ ಗೊಬ್ಬರ ಆಗಾಕಿಲ್ಲ, ಸತ್ತೋಯ್ತದೆ!"

"ಗೊಬ್ಬರ ಉಂಡು ಸತ್ತಿರೋ ಗಿಡ ಎಲ್ಲಾನ ಐತೇನಮ್ಮ? ಪಾಪ, ಹೂ ಬುಡಾಕೆ ನಿಂತೈತೆ, ಅದೂ ಬಸುರಿ ಇದ್ದಂಗೆ. ನೀನು ಕಿಟಕಿ ಹಾಕ್ಕೊ, ಗಾಳಿ ಹಿಡ್ಕತದೆ."

ಬಡ ಮಣ್ಣಿಗೇ ಒಗ್ಗಿದ ಬೇರು ಅದು, ಸಾರ ಹೆಚ್ಚಾದರೆ ತಡೆಯದು. ಆಗಲೇ ಗೊಬ್ಬರ ಕೆರೆದು ತೆಗೆದಿದ್ದರೆ ಉಳಿಯುತ್ತಿತ್ತೇನೋ. ಹಿತ್ತಲ ಬಾಗಿಲಿಗೆ ಹತ್ತು ಹೆಜ್ಜೆ, ಚಿಲಕವೂ ಹಾಕಿರಲಿಲ್ಲ. ಹೊಸ್ತಿಲವರೆಗೂ ಹೋದೆ. ನಾಳೆ ಮಗುವಿಗೆ ನೆಗಡಿಯಾದರೂ ಎಲ್ಲರೂ ನನ್ನತ್ತಲೇ ಬೆರಳು ತೋರಿಸುತ್ತಾರೆ ಎಂದುಕೊಂಡು ವಾಪಸು ಬಂದು ಮಲಗಿದೆ. ಅವ್ವನ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದದ್ದೇ ಹೆಚ್ಚು.

ಎರಡು ಮೂರು ವಾರದಲ್ಲಿ ಎಲೆಗಳು ಅಂಚಿನಿಂದ ಕಂದತೊಡಗಿದವು. ಅವ್ವ ಗಾಬರಿಯಾಗಿ ಇನ್ನೊಂದು ಮಂಕರಿ ಗೊಬ್ಬರ ಹಾಕಿದಳು. ನಾನು ಬೈದೆ, ಅತ್ತೆ, ಗೋಗರೆದೆ. ಬಾಣಂತಿಯ ಮಾತು ಯಾರಿಗೆ ಬೇಕು? ಮೊಗ್ಗು ಅರಳದೆಯೇ ಕಪ್ಪಾಯಿತು.

ಅವ್ವ ಅದನ್ನು ಮುರಿದುಕೊಂಡು ಬಂದು ನನ್ನ ಮಂಚದ ತುದಿಗೆ ಕೂತಳು. ಅವಳ ಕಣ್ಣು ತುಂಬಿತ್ತು.

"ನಿನ್ನ ಹೆಂಗೆ ನೋಡ್ಕಂಡ್ನೋ ಅಂಗೇ ನೋಡ್ಕಂಡೆ ಕಣಮ್ಮ," ಎಂದಳು.

ನಿಜವನ್ನೇ ಹೇಳಿದ್ದಳು. ನಾನು ಅವಳ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಗಿಡಕ್ಕಾಗಿ ಅಳುತ್ತಿದ್ದೇನೆಂದುಕೊಂಡು ಅವಳು ನನ್ನನ್ನು ಸಮಾಧಾನ ಮಾಡಿದಳು.