ಎಂಟನೆಯ ಕರೆ

ಕುಮಾಸಿ ನಗರದ ನಮ್ಮ ಕ್ರೈಸ್ತ ಸಭೆಯ ನೂರಾ ಹನ್ನೆರಡು ವರ್ಷಗಳ ಚರಿತ್ರೆಯಲ್ಲಿ ಸಭಾಪಾಲಕರು ಅನೇಕರು ಬಂದಿದ್ದಾರೆ, ಹೋಗಿದ್ದಾರೆ. ಅವರಲ್ಲಿ ಕೆಲವರ ಭಾವಚಿತ್ರಗಳು ಗೋಡೆಯ ಮೇಲಿವೆ, ಇಬ್ಬರ ಹೆಸರುಗಳು ಗಂಟೆಯ ಮೇಲೆ ಕೆತ್ತಲ್ಪಟ್ಟಿವೆ. ಆದರೆ ಪಾಲಕರಿಲ್ಲದ ಭಾನುವಾರಗಳಲ್ಲಿ ವೇದಪಾಠ ಓದಿ, ಮಕ್ಕಳಿಗೆ ಪ್ರಶ್ನೋತ್ತರ ಕಲಿಸಿ, ಸಾವಾದ ಮನೆಗೆ ಎಲ್ಲರಿಗಿಂತ ಮೊದಲು ಹೋಗಿ, ದೀಕ್ಷಾಸ್ನಾನದ ದಫ್ತರವನ್ನು ಜೋಪಾನವಾಗಿ ಬರೆದಿಟ್ಟು, ಈ ಸಭೆಯನ್ನು ಸಭೆಯಾಗಿ ಉಳಿಸಿದವರು ಉಪದೇಶಿಗಳು. ಆ ಪರಂಪರೆಯಲ್ಲಿ ಮಾನ್ಯ ಸೈಲಸ್ ಕ್ವಾಬೆನಾ ಬೋಸಿಯಾಕೊ ಅವರಂತೆ ಮೂವತ್ತೆಂಟು ವರ್ಷ ಎಡೆಬಿಡದೆ ಸೇವೆ ಸಲ್ಲಿಸಿದವರು ಮತ್ತೊಬ್ಬರಿಲ್ಲ. ಅವರ ನಿವೃತ್ತಿಯ ಸಂದರ್ಭದಲ್ಲಿ ಹೊರಬರುತ್ತಿರುವ ಈ ಸಂಪುಟಕ್ಕೆ ಬರೆಯುವ ಅವಕಾಶ ಶಿಷ್ಯೆಯಾದ ನನಗೆ ದೊರೆತದ್ದು ನನ್ನ ಭಾಗ್ಯವೆಂದು ಹೇಳುವುದು ವಾಡಿಕೆ. ಭಾಗ್ಯವೇನೂ ಅಲ್ಲ. ಈ ಲೇಖನವನ್ನು ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದು ಹಾಕಿದ್ದೇನೆ.

ಸಂಪಾದಕ ಮಂಡಳಿಯ ಹಿರಿಯರು ನನಗೆ ಕೊಟ್ಟ ವಿಷಯ ಹೀಗಿದೆ: 'ಮಹಾಮಾರಿಯ ಕಾಲದಲ್ಲಿ ಉಪದೇಶಿಗಳ ಮುಂದಾಳತ್ವದಲ್ಲಿ ನಮ್ಮ ಸಭೆಯು ಒಬ್ಬ ಸದಸ್ಯರನ್ನೂ ಕೈಬಿಡದೆ ಪೊರೆದ ಬಗೆ.' ಮಾತು ಚೆನ್ನಾಗಿದೆ, ಸುಳ್ಳು. ಅದು ಸುಳ್ಳೆಂಬುದು ವಿಷಯ ಕೊಟ್ಟ ಹಿರಿಯರಿಗೂ ಗೊತ್ತು. ಉಪದೇಶಿಗಳು ನನ್ನನ್ನು ಮನೆಗೆ ಕರೆಸಿ, ನೆಲಗಡಲೆಯ ತಟ್ಟೆಯನ್ನು ಮುಂದಿಟ್ಟು, ಮೆಲ್ಲಗೆ ಹೇಳಿದರು: “ಅಫುವಾ, ಆಯಿನ್‌ಪೋಕಾ ವಿಷಯ ಬರೀದೇ ಇದ್ರೆ ಈ ಪುಸ್ತಕಾನೇ ಬೇಡ ಅಂತ ಅವರಿಗೆ ಹೇಳಿದ್ದೀನಿ. ನೀನೇ ಬರಿ. ನಿನಗೆ ಗೊತ್ತಿರೋದನ್ನೆಲ್ಲ ಬರಿ.” ಆ 'ನೀನೇ' ಎಂಬ ಮಾತು ನನ್ನನ್ನು ಎಲ್ಲಿ ಚುಚ್ಚಿತೆಂಬುದನ್ನು ಮುಂದೆ ಹೇಳುತ್ತೇನೆ.

ಅವರು ಈ ಸಭೆಗೆ ಬಂದಾಗ ನನಗೆ ಹನ್ನೊಂದು ವರ್ಷ. ಅವರ ಮೊದಲ ಪ್ರಶ್ನೋತ್ತರ ತರಗತಿಯ ಮೊದಲ ಬೆಂಚಿನಲ್ಲಿ, ಬಾಯಿಬಡುಕಿಯೆಂಬ ಕಾರಣಕ್ಕೆ, ಅವರ ಕಣ್ಣೆದುರೇ ನನ್ನನ್ನು ಕೂರಿಸಿದ್ದರು. ನಮ್ಮ ತಂದೆ ತೀರಿಕೊಂಡಾಗ ಬಂದವರೆಲ್ಲ ಸಮಾಧಾನದ ಮಾತು ಹೇಳಿ ತಲೆನೋವು ತರಿಸಿದರೆ, ಉಪದೇಶಿಗಳು ಅಂಗಳದ ಮೂಲೆಯಲ್ಲಿ ಕುಳಿತು, ನಮ್ಮ ತಾಯಿ ಸುಲಿಯದೆ ಬಿಟ್ಟಿದ್ದ ಒಂದು ಚೀಲ ನೆಲಗಡಲೆಯನ್ನು ಸಂಜೆಯವರೆಗೆ ಸುಲಿದಿಟ್ಟು ಎದ್ದುಹೋದರು. ಶಿಕ್ಷಕರ ತರಬೇತಿಗೆ ನನ್ನ ಅರ್ಜಿಯನ್ನು ಮೂರು ಸಲ ತಿದ್ದಿ ಬರೆಸಿದವರೂ, ಮೂರನೆಯ ಸಲ ತಾವೇ ಬಸ್ಸು ಹಿಡಿದು ಹೋಗಿ ಕೊಟ್ಟು ಬಂದವರೂ ಅವರೇ. ಇಂದು ಸಭೆಯ ಶಾಲೆಯಲ್ಲಿ ಸೀಮೆಸುಣ್ಣ ಹಿಡಿಯುವ ನನ್ನ ಕೈಗೆ ಆ ಋಣವಿದೆ. ಇಂಥ ನೂರು ಸಂಗತಿಗಳನ್ನು ಬೇರೆಯವರು ಈ ಸಂಪುಟದಲ್ಲಿ ಬರೆದಿರುತ್ತಾರೆ, ಅವೆಲ್ಲವೂ ನಿಜ.

ನಮ್ಮಲ್ಲಿ ಮನುಷ್ಯನಿಗೆ ಮೊದಲ ಹೆಸರನ್ನು ಅವನು ಹುಟ್ಟಿದ ದಿನ ಕೊಡುತ್ತದೆ. ಮಂಗಳವಾರದ ಗಂಡು ಕ್ವಾಬೆನಾ, ಶುಕ್ರವಾರದ ಹೆಣ್ಣು ಅಫುವಾ. ಸಭೆಯಲ್ಲಿಯೂ ನಾವು ದಿನಗಳ ಪ್ರಕಾರ ಏಳು ಬಳಗ; ಬೆಳೆ ಹಬ್ಬದಂದು ಉಪದೇಶಿಗಳು ಒಂದೊಂದು ದಿನವನ್ನು ಕರೆದಂತೆ ಆಯಾ ದಿನದವರು ತಮ್ಮ ಬಣ್ಣದ ತಲೆವಸ್ತ್ರ ಕಟ್ಟಿ, ಡೋಲಿನ ಗತ್ತಿಗೆ ಕುಣಿಯುತ್ತ ಕಾಣಿಕೆ ಒಯ್ಯುತ್ತಾರೆ. ಶುಕ್ರವಾರದವರು ಹಸಿರು, ಮಂಗಳವಾರದವರು ನೀಲಿ. ಯಾರು ಚೆನ್ನಾಗಿ ಕುಣಿದರು, ಯಾರ ಬಳಗ ದೊಡ್ಡದು ಎಂಬ ಜಗಳ ಮುಂದಿನ ಹಬ್ಬದವರೆಗೂ ನಡೆಯುತ್ತದೆ. ಶುಕ್ರವಾರದ ಬಳಗದ ಮುಖ್ಯಸ್ಥೆಯಾಗಿ ಆ ಜಗಳದಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ.

ಆಯಿನ್‌ಪೋಕಾ ಉತ್ತರ ಸೀಮೆಯವಳು. ಲಾರಿ ನಿಲ್ದಾಣದಲ್ಲಿ ಬೆಳಿಗ್ಗೆ ಶುಂಠಿ ಖಾರದ ಸಜ್ಜೆ ಗಂಜಿ, ಅಲಸಂದೆ ವಡೆ ಮಾರುತ್ತಿದ್ದಳು. ಗಂಡ ಮಕ್ಕಳು ಇರಲಿಲ್ಲ. ನಲವತ್ತು ದಾಟಿದ ಮೇಲೆ ದೀಕ್ಷಾಸ್ನಾನಕ್ಕೆ ಬಂದಾಗ, ದಫ್ತರದಲ್ಲಿ ಹುಟ್ಟಿದ ದಿನದ ಅಂಕಣಕ್ಕೆ ಬಂದು ಉಪದೇಶಿಗಳ ಲೇಖನಿ ನಿಂತಿತು. ಅವಳ ಊರಿನಲ್ಲಿ ದಿನ ಹಿಡಿದು ಹೆಸರಿಡುವ ಪದ್ಧತಿಯಿಲ್ಲ. ಸಜ್ಜೆ ಬಿತ್ತುವಾಗ ಹುಟ್ಟಿದಳೆಂಬುದಷ್ಟೇ ಅವಳಿಗೆ ಗೊತ್ತು. “ಏಳೂ ಬರ್ಕೊಳ್ಳಿ ಉಪದೇಶಿಗಳೇ, ಯಾವ್ದಾದ್ರೂ ಒಂದು ಸರಿಯಾಗಿರತ್ತೆ” ಎಂದಳು. ಬೇರೆ ಯಾರಾದರೂ ಆಗಿದ್ದರೆ ತೋಚಿದ ದಿನವೊಂದನ್ನು ಗೀಚಿ ಮುಗಿಸುತ್ತಿದ್ದರು. ದಫ್ತರದಲ್ಲಿ ಗೊತ್ತಿಲ್ಲದ್ದನ್ನು ಬರೆಯಬಾರದೆಂಬುದು ಉಪದೇಶಿಗಳ ನಿಷ್ಠೆ. ಅವರು ಆ ಅಂಕಣವನ್ನು ಖಾಲಿ ಬಿಟ್ಟರು.

ಬೆಳೆ ಹಬ್ಬದ ದಿನ ಅವಳು ಏಳೂ ಬಣ್ಣದ ತಲೆವಸ್ತ್ರಗಳನ್ನು ಚೀಲದಲ್ಲಿ ತಂದು, ಭಾನುವಾರದಿಂದ ಶನಿವಾರದವರೆಗೆ ಏಳು ಸಲವೂ ಎದ್ದು ಕುಣಿದಳು. ಸಭೆ ಬಿದ್ದು ಬಿದ್ದು ನಕ್ಕಿತು. “ನಿಮ್ಮಮ್ಮ ನಿನ್ನ ಹೆರೋಕೆ ಒಂದು ವಾರ ತಗೊಂಡ್ಳೇನೇ?” ಎಂದು ನಾನೇ ಕೂಗಿದ್ದೆ. ಅವಳು ಅಷ್ಟೇ ಸಲೀಸಾಗಿ, “ಹೌದು ಟೀಚರಮ್ಮ, ಭಾನುವಾರ ತಲೆ ಬಂತು, ಶನಿವಾರ ಕಾಲು ಬಂತು” ಎಂದಳು. ಅಂದಿನಿಂದ ಪ್ರತಿ ವರ್ಷವೂ ಹಾಗೆಯೇ. ಅಷ್ಟು ಚೆನ್ನಾಗಿ ಕುಣಿಯುವವಳು, ಅಷ್ಟು ರುಚಿಯ ಗಂಜಿ ತರುವವಳು ಯಾರಿಗೆ ಬೇಡ? ಏಳು ಬಳಗಗಳೂ ಅವಳನ್ನು ನಮ್ಮವಳು, ನಮ್ಮವಳು ಎಂದು ಎಳೆದಾಡಿದವು.

ಮಹಾಮಾರಿ ಬಂದು ನಗರಕ್ಕೆ ಬೀಗ ಬಿದ್ದ ಸೋಮವಾರ, ಉಪದೇಶಿಗಳು ದಫ್ತರವನ್ನು ಎದುರಿಗಿಟ್ಟುಕೊಂಡು ಏಳು ಪಟ್ಟಿಗಳನ್ನು ಬರೆದರು. ಆಯಾ ದಿನದ ಬಳಗ ತನ್ನವರನ್ನು ನೋಡಿಕೊಳ್ಳಬೇಕು. ಆಯಾ ದಿನ ಮನೆ ಮನೆಗೆ ಹೋಗಿ ಗಾರಿ ಎಂಬ ಮರಗೆಣಸಿನ ಹಿಟ್ಟು, ಒಣಮೀನು, ಎಣ್ಣೆ, ಸಾಬೂನು ಬಾಗಿಲಲ್ಲಿಟ್ಟು, ದೂರ ನಿಂತು ಯೋಗಕ್ಷೇಮ ಕೇಳಿ ಬರಬೇಕು. ನಿಮ್ಮ ದಿನದಂದು ನಿಮ್ಮವರು ಬರುತ್ತಾರೆ, ಬಾಗಿಲಲ್ಲೇ ಇರಿ ಎಂದು ಧ್ವನಿವರ್ಧಕದ ವ್ಯಾನು ಓಣಿ ಓಣಿಯಲ್ಲಿ ಸಾರಿತು. ನಿಜಕ್ಕೂ ಒಳ್ಳೆಯ ವ್ಯವಸ್ಥೆ ಅದು. ಜ್ವರದಲ್ಲಿ ಮಲಗಿದ್ದ ಎಷ್ಟೋ ಜನ ಆ ಪೊಟ್ಟಣಗಳಿಂದ ಬದುಕಿದರು. ಆದರೆ ದಿನವಿಲ್ಲದ ಆಯಿನ್‌ಪೋಕಾ ಏಳು ಪಟ್ಟಿಗಳಲ್ಲಿ ಒಂದರಲ್ಲಿಯೂ ಇರಲಿಲ್ಲ. ಇನ್ನೊಂದು ಬಳಗದ ಪಟ್ಟಿಯಲ್ಲಿರುತ್ತಾಳೆಂದು ಏಳು ಬಳಗಗಳೂ ಭಾವಿಸಿದವು.

ಇನ್ನು ನನ್ನ ವಿಷಯ. ಎರಡನೆಯ ಶುಕ್ರವಾರ, ಇಪ್ಪತ್ತಮೂರು ಮನೆ ಸುತ್ತಿ ಬಂದು ಬಿಸಿನೀರಿನಲ್ಲಿ ಕಾಲಿಟ್ಟು ಕುಳಿತಿದ್ದೆ. ಉಪದೇಶಿಗಳ ಫೋನು ಬಂತು. ರಾತ್ರಿಯೆಲ್ಲ ಏನೋ ಕೊರೆಯುತ್ತಿತ್ತಂತೆ. “ಆಯಿನ್‌ಪೋಕಾ ಯಾವ ಪಟ್ಟೀಲೂ ಕಾಣಿಸ್ತಿಲ್ಲವಲ್ಲಮ್ಮ. ಯಾರು ನೋಡ್ಕೋತಿದ್ದಾರೆ ಅವಳನ್ನ?” ಎಂದು ಕೇಳಿದರು. ನನ್ನ ಬಾಯಿಗೆ ವರ್ಷಗಟ್ಟಲೆಯ ಅಭ್ಯಾಸ. “ಅವಳು ಶುಕ್ರವಾರದವಳೇ, ಇನ್ಯಾರಿಗೆ ಬಿಟ್ಟುಕೊಡ್ತೀನಿ? ನಾವು ನೋಡ್ಕೋತಿದ್ದೀವಿ, ಚೆನ್ನಾಗಿದ್ದಾಳೆ” ಎಂದೆ. ಅವರು ದೇವರಿಗೆ ಸ್ತೋತ್ರವೆಂದು ಹೇಳಿ ಫೋನು ಇಟ್ಟರು. ನಾನು ಅವಳ ಮುಖ ನೋಡಿ ಎರಡು ವಾರ ಕಳೆದಿತ್ತು. ಬುಧವಾರದವರೋ ಭಾನುವಾರದವರೋ ಕೊಟ್ಟಿರುತ್ತಾರೆ, ಮುಂದಿನ ಶುಕ್ರವಾರ ನಾನೇ ಹೋದರಾಯಿತು ಎಂದುಕೊಂಡು ಕಾಲು ಒರೆಸಿಕೊಂಡೆ. ನೀರು ಇನ್ನೂ ಬೆಚ್ಚಗಿತ್ತು.

ಆ ಶುಕ್ರವಾರ ಬರುವ ಮುನ್ನವೇ, ಬುಧವಾರ ಬೆಳಿಗ್ಗೆ, ಅವಳ ಕೋಣೆಯ ಎದುರು ಟಯರಿಗೆ ತೇಪೆ ಹಾಕುವ ಇಸಿಫು ಎಂಬ ಮುದುಕ ಪೊಲೀಸರ ಕಣ್ಣು ತಪ್ಪಿಸಿ ನಮ್ಮ ಸಭೆಯ ಗುಡಿಯ ಗೇಟಿಗೆ ಬಂದ. ಉಪದೇಶಿಗಳೂ ನಾನೂ ಅಲ್ಲಿ ಗಾರಿಯ ಚೀಲಗಳನ್ನು ಇಳಿಸುತ್ತಿದ್ದೆವು. ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯಬಲ್ಲೆ.

“ನಿಮ್ಮ ಹೆಂಗಸು ಹೋಗಿಬಿಟ್ಳು. ದಿನಾ ಬೆಳಿಗ್ಗೆ ತಲೆಗೆ ಒಂದೊಂದು ಬಣ್ಣದ ಬಟ್ಟೆ ಕಟ್ಕೊಂಡು ಬಾಗಿಲಲ್ಲಿ ಸ್ಟೂಲ್ ಹಾಕ್ಕೊಂಡು ಕೂರ್ತಿದ್ಳು. ಯಾಕಮ್ಮಾ ಈ ಸಿಂಗಾರ ಅಂದ್ರೆ, ಇವತ್ತು ಇವರ ದಿನ, ಬಂದವರಿಗೆ ಗುರುತು ಸಿಗ್ಬೇಕಲ್ಲ ಅಂತಿದ್ಳು. ಎದ್ದು ನಿಲ್ಲೋಕೆ ಆಗ್ದೇ ಇದ್ರೂ ಬಟ್ಟೆ ಮಾತ್ರ ಬದಲಾಯಿಸ್ತಿದ್ಳು. ಇಷ್ಟು ಚೆನ್ನಾಗಿ ಕಟ್ಕೊಂಡು ಕೂತಿರೋಳನ್ನ ಅವಳ ಜನ ನೋಡ್ಕೋತಿರ್ತಾರೆ ಅಂದ್ಕೊಂಡೆ ನಾನು.”

ಅವಳ ಗಂಜಿಯ ಸಜ್ಜೆ ಮೊದಲ ವಾರಕ್ಕೇ ಮುಗಿದಿತ್ತು. ಅಕ್ಕಪಕ್ಕದವರು ನಗರಕ್ಕೆ ಬೀಗ ಬೀಳುವ ಮೊದಲೇ ಉತ್ತರಕ್ಕೆ ಹೊರಟುಹೋಗಿದ್ದರು. ಫೋನಿಗೆ ಅವಳು ಚಾರ್ಜು ಹಾಕಿಸುತ್ತಿದ್ದದ್ದು ಲಾರಿ ನಿಲ್ದಾಣದ ಅಂಗಡಿಯಲ್ಲಿ, ಅದು ಮುಚ್ಚಿತ್ತು. ಜ್ವರದಿಂದ ಸತ್ತಳೋ ಹಸಿವಿನಿಂದಲೋ ಎಂದು ಯಾರೂ ಪರೀಕ್ಷಿಸಲಿಲ್ಲ. ನಾವು ಹೋದಾಗ ಅವಳು ಬಾಗಿಲಿನ ಒಳಗಡೆ, ಸ್ಟೂಲಿನ ಪಕ್ಕದಲ್ಲಿ ಬಿದ್ದಿದ್ದಳು. ಆರು ತಲೆವಸ್ತ್ರಗಳು ಒಗೆದು ಹಗ್ಗದ ಮೇಲಿದ್ದವು. ಏಳನೆಯದು ಅವಳ ತಲೆಯಲ್ಲಿತ್ತು, ನೀಲಿ, ಮಂಗಳವಾರದ್ದು. ಉಪದೇಶಿಗಳು ಮಂಗಳವಾರದವರು, ಹಿಂದಿನ ದಿನ ಅವರು ತಮ್ಮ ಬಳಗದೊಡನೆ ಎರಡು ಓಣಿಯಾಚೆ ಪೊಟ್ಟಣ ಹಂಚುತ್ತಿದ್ದರು. ಆ ನೀಲಿ ಬಟ್ಟೆಯನ್ನು ನೋಡಿ ಅವರು ಅಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟರು. ನಗರದ ಆಳುಗಳು ಬಿಳಿ ಉಡುಪಿನಲ್ಲಿ ಬಂದು ಅವಳನ್ನು ಒಯ್ದು ಹೂಳಿದರು. ಹಾಡಿಲ್ಲ, ಡೋಲಿಲ್ಲ, ನಮ್ಮನ್ನು ಹತ್ತಿರಕ್ಕೂ ಬಿಡಲಿಲ್ಲ.

ಗುಡಿ ಮತ್ತೆ ತೆರೆದ ಮೇಲೆ ಹಿರಿಯರ ಸಭೆಯಲ್ಲಿ, ಇದು ಯಾರ ತಪ್ಪೆಂಬ ಪ್ರಶ್ನೆ ಎದ್ದಿತು. ಉಪದೇಶಿಗಳು ಎದ್ದು, ಪಟ್ಟಿ ಮಾಡಿದವನು ನಾನು, ಅಂಕಣ ಖಾಲಿ ಬಿಟ್ಟವನೂ ನಾನು, ಏನೋ ಒಂದು ದಿನ ಬರೆದಿದ್ದರೆ ಅವಳು ಬದುಕಿರುತ್ತಿದ್ದಳು ಎಂದು ಹೇಳಿ ಕುಳಿತರು. ಫೋನಿನ ಮಾತನ್ನು ಎತ್ತಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹಿರಿಯರು ಅವರಿಗೆ ಎಚ್ಚರಿಕೆಯ ಮಾತು ಹೇಳಿ ವಿಷಯ ಮುಗಿಸಿದರು. ಈ ಪುಟದವರೆಗೆ ನಾನು ಬಾಯಿ ಬಿಟ್ಟಿಲ್ಲ, ಅವರೂ ಬಿಟ್ಟಿಲ್ಲ. ಗುರುಗಳು ನನಗೆ ಮಾಡಿದ ಉಪಕಾರಗಳಲ್ಲಿ ನನ್ನಿಂದ ಹೊರಲಾಗದ್ದು ಇದೊಂದೇ.

ಆ ವರ್ಷದಿಂದ ಬೆಳೆ ಹಬ್ಬದಲ್ಲಿ ಏಳು ದಿನಗಳನ್ನು ಕರೆದ ನಂತರ ಅವರು ಕನ್ನಡಕ ತೆಗೆದು ಒರೆಸಿಕೊಂಡು ಎಂಟನೆಯ ಸಲ ಕರೆಯುತ್ತಾರೆ: “ತಮ್ಮ ದಿನ ಗೊತ್ತಿಲ್ಲದವರು ಬನ್ನಿ.” ಡೋಲು ಒಂದು ಸುತ್ತು ಪೂರ್ತಿ ಮೊಳಗುತ್ತದೆ. ಯಾರೂ ಏಳುವುದಿಲ್ಲ, ಎಲ್ಲರೂ ಕಾಲು ನೋಡಿಕೊಂಡು ಕೂರುತ್ತಾರೆ. ಅಲ್ಲಿ ಕುಳಿತಿರುವುದು ನನಗೆ ನರಕ. ಈಗ ಅವರು ನಿವೃತ್ತರಾಗುತ್ತಿದ್ದಂತೆಯೇ, ಆ ಕರೆ ಹಬ್ಬಕ್ಕೆ ಸೂತಕದ ಕಳೆ ತರುತ್ತದೆ, ಈ ವರ್ಷದಿಂದ ಬೇಡ ಎಂದು ಹಿರಿಯರು ನಿರ್ಣಯ ಮಾಡಿದ್ದಾರೆ. ಹೊಸ ಉಪದೇಶಿ ಮರುಮಾತಿಲ್ಲದೆ ಒಪ್ಪಿದ್ದಾರೆ.

ನೆಲಗಡಲೆಯ ತಟ್ಟೆಯ ಮುಂದೆ ಕುಳಿತ ಆ ದಿನ, ಆ ಶುಕ್ರವಾರದ ಫೋನು ನೆನಪಿದೆಯೇ ಎಂದು ಅವರನ್ನು ಕೊನೆಗೂ ಕೇಳಿದೆ. ಸುಲಿಯುತ್ತಿದ್ದ ಕೈ ನಿಲ್ಲಲಿಲ್ಲ.

“ನೆನಪಿಲ್ದೆ ಏನು? ನೀನು ಸುಳ್ಳು ಹೇಳ್ತಿದ್ದೀಯ ಅಂತ ಆಗ್ಲೇ ಅನ್ನಿಸಿತ್ತು. ಅವಳ ಮನೆ ಇಲ್ಲಿಂದ ಕಾಲು ಗಂಟೆ ದಾರಿ. ಎದ್ದು ಹೋಗಿ ನೋಡ್ಬಹುದಿತ್ತು. ನಿನ್ನ ಮಾತು ನಂಬೋದು ನನಗೂ ಸುಲಭವಾಗಿತ್ತಮ್ಮ.”

ನನ್ನನ್ನು ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕ್ಷಮೆ ಕೊಡಬೇಕಾದವಳು ಅವಳು, ನಮ್ಮಿಬ್ಬರಲ್ಲಿ ಯಾರೂ ಅಲ್ಲ.

ಇಂಥ ಲೇಖನವನ್ನು ದೀರ್ಘಾಯುಸ್ಸಿನ ಹಾರೈಕೆಯೊಡನೆ ಮುಗಿಸಬೇಕು. ಗುರುಗಳೇ, ನಿಮಗೆ ನಿದ್ದೆ ಬರುವುದಿಲ್ಲವೆಂದು ಗೊತ್ತಿದ್ದೂ, ನಿಮಗೆ ಆಯುಸ್ಸು ಭಾರವೆಂದು ಗೊತ್ತಿದ್ದೂ ನಾನು ಅದನ್ನೇ ಕೋರುತ್ತೇನೆ, ಸ್ವಾರ್ಥದಿಂದ ಕೋರುತ್ತೇನೆ. ನೀವು ಹೋದರೆ ಅವಳನ್ನು ಕರೆಯುವವರು ಈ ಊರಿನಲ್ಲಿ ಒಬ್ಬರೂ ಇರುವುದಿಲ್ಲ. ಬರುವ ಬೆಳೆ ಹಬ್ಬದಂದು ಏಳು ದಿನಗಳೂ ಮುಗಿದ ಮೇಲೆ, ಮೈಕು ಇಲ್ಲದಿದ್ದರೂ, ಡೋಲು ಬಾರಿಸದಿದ್ದರೂ, ಕುಳಿತಲ್ಲಿಂದಲೇ ಕರೆಯಿರಿ. ಶುಕ್ರವಾರದವರನ್ನು ಕರೆದಾಗ ನಾನು ಏಳುವುದಿಲ್ಲ, ನನ್ನ ಹಸಿರು ತಲೆವಸ್ತ್ರವನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ. ನೀವು ಕರೆದಾಗ ಬರಿತಲೆಯಲ್ಲಿ ಎದ್ದು ಬರುತ್ತೇನೆ. ಅದರಿಂದ ಅವಳಿಗೆ ಒಂದು ಹಿಡಿ ಗಾರಿಯೂ ಸಿಗುವುದಿಲ್ಲ.